ಬೀಗ ಬಿದ್ದ ಕಣಜ

"ಇಂಜಿನಿಯರ್ರೇ, ನಿಮ್ಮ ಈ ಮಿಷಿನ್ನಿಗೆ ಸೋಮಾರಿತನ ಕಾಣುತ್ತಾ?"

ಎಫ್ರಾಯಿನ್ ನಕ್ಕುಬಿಟ್ಟ.

ಕುಸ್ಕೊ ನಗರದ ಆ ಪುಟ್ಟ ಪ್ರಯೋಗಶಾಲೆಗೆ ಬೆಟ್ಟದ ಊರುಗಳಿಂದ ಬರುವ ಜನ ಏನೇನೋ ಕೇಳುತ್ತಿದ್ದರು. ಒಳಗೆ ಮಲಗಿದರೆ ಉಸಿರು ಕಟ್ಟುತ್ತದೆಯೆ, ಜೀವ ಹೆದರಿ ಮೈಬಿಟ್ಟು ಹಾರುತ್ತದೆಯೆ, ಮಧ್ಯಾಹ್ನದ ಊಟ ಕೊಡುವುದು ನಿಜವೆ... ಆದರೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಕಾಣೋ ಹಾಗಿದ್ರೆ ಮೊದಲು ನಾನೇ ಹೋಗಿ ಮಲಗ್ತಿದ್ದೆ ತಾಯಿ!"

ಅವಳು ನಗಲಿಲ್ಲ. ಶಾಲಿಗೆ ಚುಚ್ಚಿದ್ದ ಬೆಳ್ಳಿ ಸೂಜಿಯನ್ನು ಬಿಚ್ಚಿ ಅವನ ಅಂಗೈಗಿಟ್ಟಳು. ಅಯಸ್ಕಾಂತದ ಹತ್ತಿರ ಹೋಗುವವರ ಮೈಮೇಲೆ ಲೋಹ ಇರಬಾರದು. ಬೆರಳಿಗೆ ಬೆರಳು ತಾಕಿದ್ದು ಒಂದೇ ಗಳಿಗೆ. ಆ ಗಳಿಗೆಯಲ್ಲಿ ಅವನು ಅವಳ ಕಣ್ಣು ನೋಡಿದ. ನಗು ತಾನಾಗಿಯೇ ನಿಂತಿತು.

ಇವಳು ತಮಾಷೆಗೆ ಕೇಳಿದ್ದಲ್ಲ!

ಅವಳ ಹೆಸರು ಲುಸ್ಮಿಲ. ಯಾನಾಕೊಚ ಎಂಬ ಬೆಟ್ಟದೂರಿನವಳು. ವಯಸ್ಸು ಇಪ್ಪತ್ತಾರು. ಆ ವಯಸ್ಸಿಗೆ ಹೊರಬಾರದ ಹೊರೆಯೊಂದು ಅವಳ ಮುಖದ ಮೇಲೆ ಕೂತಿತ್ತು.

ಎಫ್ರಾಯಿನ್ ಅವಳನ್ನು ಅಂಗಾತ ಮಲಗಿಸಿ, ಬಲಗಾಲಿನ ಮೀನಖಂಡಕ್ಕೆ ಅಳತೆಯ ಸುರುಳಿಯೊಂದನ್ನು ಸುತ್ತಿದ. ಪಾದದ ಕೆಳಗೆ ಒತ್ತುವ ಹಲಗೆ ಇಟ್ಟ.

"ನಾನು ಶುರು ಅಂದಾಗ ಒತ್ತಿ. ಸಾಕು ಅನ್ನೋವರೆಗೂ ಬಿಡ್ಬೇಡಿ. ನಿಮ್ಮ ಸ್ನಾಯು ಏನು ತಿಂದು ಕೆಲಸ ಮಾಡುತ್ತೆ, ರಕ್ತ ಎಷ್ಟು ಬೇಗ ಓಡಿ ಬರುತ್ತೆ, ಎಲ್ಲಾ ಕಾಣುತ್ತೆ."

"ಎಲ್ಲಾನೂ?"

"ಎಲ್ಲಾನೂ!"

ಹಾಸಿಗೆ ಒಳಗೆ ಸರಿಯಿತು. ತಗಡಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಸದ್ದು ಶುರುವಾಯಿತು. ಕಿವಿಯ ಬಳಿ ಅವನ ದನಿ ಮಾತ್ರ ಮೆತ್ತಗೆ ಬಂತು. "ಶುರು..."

ಅವಳು ಒತ್ತಿದಳು. ಮನಸ್ಸಿಟ್ಟು, ದೇವರ ಮೇಲೆ ಭಾರ ಹಾಕಿ ಒತ್ತಿದಳು.

ಸ್ವಲ್ಪ ಹೊತ್ತಿಗೇ ಬಂತು, ಅವಳು ಹುಟ್ಟಿದಾಗಿನಿಂದ ಬಲ್ಲ ಆ ಶತ್ರು. ಹಿಮದಲ್ಲಿ ಬಿಟ್ಟ ಆಲೂಗಡ್ಡೆಯ ಹಾಗೆ ಮೀನಖಂಡ ಸೆಟೆದು ಕಲ್ಲಾಯಿತು.

"ಒತ್ತಿ, ಒತ್ತಿ! ಇನ್ನೊಂಚೂರು! ನಿಲ್ಲಿಸ್ಬೇಡಿ!"

ಭೂಮಿತಾಯಿ... ಇವತ್ತೊಂದು ದಿನ ನನ್ನ ಕೈಬಿಡಬೇಡ...

ಪಾದ ನಿಂತೇಹೋಯಿತು.

"ಯಾಕೆ? ನೋವಾಯ್ತಾ?"

ಲುಸ್ಮಿಲ ತುಟಿ ಕಚ್ಚಿಕೊಂಡಳು. ಅವಳ ಊರಿನಲ್ಲಿ ನೋವು ಎಂದವಳು ನೆಪ ಹೇಳಿದ ಹಾಗೆ. ಅದನ್ನು ಅವಳು ಏಟು ತಿಂದು ಕಲಿತಿದ್ದಳು.

"ಇಲ್ಲ," ಎಂದಳು.

ಅಯ್ಯೋ ಮಗಳೇ! ಅದೊಂದು ಗಳಿಗೆಯಲ್ಲಾದರೂ ನಿಜ ಹೇಳಬಾರದಿತ್ತೆ? ಆದರೆ ಹೊಡೆಸಿಕೊಂಡ ನಾಲಿಗೆ ತಾನಾಗಿ ನಿಜ ಹೇಳುವುದಿಲ್ಲ. ಅದಕ್ಕೆ ಯಾರಾದರೂ ನಂಬಿಕೆ ಕೊಡಬೇಕು.

* * *

ಕದಿಯಬೇಡ, ಸುಳ್ಳಾಡಬೇಡ, ಸೋಮಾರಿಯಾಗಬೇಡ. ಆ ಬೆಟ್ಟಗಳಲ್ಲಿ ಮಗು ಮಾತು ಕಲಿಯುವ ಮೊದಲು ಈ ಮೂರನ್ನು ಕಲಿಯುತ್ತದೆ. ಕಳ್ಳನನ್ನು ಕ್ಷಮಿಸಿಯಾರು, ಸುಳ್ಳನಿಗೂ ಪಾದ್ರಿ ಪ್ರಾಯಶ್ಚಿತ್ತ ಹೇಳಿಯಾನು. ಸೋಮಾರಿಗೆ ಮಾತ್ರ ಅಲ್ಲಿ ಜಾಗವಿಲ್ಲ.

ಲುಸ್ಮಿಲಳಿಗೂ ಅವಳ ಅಣ್ಣ ರೋಮಾನನಿಗೂ ಆ ಹೆಸರು ಎಳವೆಯಲ್ಲೇ ಅಂಟಿತು. ಹೊರೆ ಹೊತ್ತು ಏರು ಹತ್ತುವಾಗ ಇಬ್ಬರೂ ಮೊದಲ ತಿರುವಿನಲ್ಲೇ ಕೂತುಬಿಡುವರು. ಅವ್ವ ತುರಿಕೆ ಸೊಪ್ಪು ಕಿತ್ತು ಕಾಲಿಗೆ ಬಾರಿಸುವಳು. ಅಣ್ಣ ದೊಡ್ಡವನಾಗಿ ಪ್ರವಾಸಿಗರ ಮೂಟೆ ಹೊರಲು ಹೋದ. ಒಂದು ಸಲ ಕಣಿವೆ ದಾಟಿ ಬಂದವನು ಕಪ್ಪು ಮೂತ್ರ ಹೋಗಿ, ಮೈ ಊದಿ, ವಾರದೊಳಗೆ ಸತ್ತ. ಬೆಟ್ಟದ ದೇವರು ಕರೆದುಕೊಂಡಿತು ಎಂದರು ಊರವರು.

ಆಮೇಲೆ ಲುಸ್ಮಿಲಳ ಸರದಿ.

ಚರ್ಚಿನಲ್ಲಿ ಉಂಗುರ ತೊಡಿಸುವ ಮೊದಲು ಹುಡುಗಿ ಹುಡುಗನ ಮನೆಯಲ್ಲಿ ಒಂದು ವರ್ಷ ಬಾಳಿ ತೋರಿಸಬೇಕು. ಅದು ಅಲ್ಲಿನ ಪದ್ಧತಿ. ಮೇಲ್ಕೇರಿಯ ಸಿಪ್ರಿಯಾನನ ಮನೆಗೆ ಅವಳು ಹಾಗೆಯೇ ಹೋದಳು. ಅವನ ತಾಯಿ ದಿನವೂ ಹಿಂದಿನಿಂದ ನೋಡುತ್ತಿದ್ದಳು. ಸೊಸೆ ಏರಿನಲ್ಲಿ ಹೊರೆ ಇಳಿಸಿ ಕೂರುತ್ತಾಳೆ. ಒಂದಷ್ಟು ಹೊತ್ತಾದ ಮೇಲೆ ಏಳುತ್ತಾಳೆ. ಎದ್ದವಳು ಮತ್ತೆ ಸಂಜೆಯವರೆಗೂ ದಣಿಯುವುದಿಲ್ಲ!

"ಆಮೇಲೆ ಆಗೋದು ಮೊದಲು ಯಾಕಾಗಲ್ಲ? ನಾಟಕ ಆಡ್ತಾಳೆ! ಕಾಲಲ್ಲಿ ರೋಗ ಇಲ್ಲ, ಮನಸ್ಸಲ್ಲಿದೆ. ಮನಸ್ಸು ಮಾಡಲ್ಲ ಇವಳು!"

ವರ್ಷ ತುಂಬುವ ಮೊದಲೇ ಅವಳನ್ನು ಬಟ್ಟೆಗಂಟಿನ ಸಮೇತ ತಾಯಿಮನೆಯ ಬಾಗಿಲಿಗೆ ತಂದು ಬಿಟ್ಟರು. ಸಿಪ್ರಿಯಾನ್ ತಲೆಯೆತ್ತಿ ನೋಡಲೂ ಇಲ್ಲ.

ಅಲ್ಲಿಂದ ಅವಳು ಕುಸ್ಕೊಗೆ ಬಂದು ಚಿಕ್ಕಮ್ಮ ತೆಯೊಫಿಲಳ ಜೊತೆ ಇದ್ದಳು. ಚಿಕ್ಕಮ್ಮ ಪ್ರಯೋಗಶಾಲೆಯ ಎದುರಿನ ಮೂಲೆಯಲ್ಲಿ ಬೆಳಗಿನ ಹೊತ್ತು ಸೇಬು ಹಾಕಿ ಕುದಿಸಿದ ಕಿನುವಾ ಕಾಳಿನ ಗಂಜಿ ಮಾರುತ್ತಿದ್ದಳು. ಬೆಟ್ಟದ ಜನರ ಕಾಲು ಪರೀಕ್ಷೆ ಮಾಡುತ್ತಾರಂತೆ ಎಂದು ಗಿರಾಕಿಗಳ ಬಾಯಲ್ಲಿ ಕೇಳಿ ಲುಸ್ಮಿಲ ತಾನಾಗಿಯೇ ಒಳಗೆ ಹೋಗಿದ್ದಳು.

ಅವಳಿಗೆ ಬೇಕಾಗಿದ್ದು ಒಂದೇ. ನಾನು ಸೋಮಾರಿಯೋ ಅಲ್ಲವೋ? ಯಾರಾದರೂ ಒಬ್ಬರು ಒಳಗೆ ನೋಡಿ ಹೇಳಲಿ!

* * *

ಮಾರನೆಯ ದಿನದಿಂದ ಎಫ್ರಾಯಿನ್ ಗಂಜಿಗೆ ಬರತೊಡಗಿದ.

"ಏನು ಇಂಜಿನಿಯರ್ರೇ," ಚಿಕ್ಕಮ್ಮ ಸೌಟು ತಿರುವುತ್ತಾ ಕೇಳುವಳು, "ನಿಮಗೆ ಹಸಿವು ಹೊಟ್ಟೇಲೋ, ಕಣ್ಣಲ್ಲೋ?"

"ಗಂಜಿ ಚೆನ್ನಾಗಿದೆ ಚಿಕ್ಕಮ್ಮ, ಅದಕ್ಕೇ..."

"ಗಂಜಿ ನಾನು ಮಾಡ್ತೀನಿ. ನೀವು ನೋಡೋದು ಲೋಟ ತೊಳೆಯೋರನ್ನ!"

ಲುಸ್ಮಿಲ ತಲೆ ತಗ್ಗಿಸಿ ಲೋಟವನ್ನು ಇನ್ನೂ ಜೋರಾಗಿ ಉಜ್ಜುವಳು. ಎಷ್ಟೋ ಕಾಲದ ಮೇಲೆ ಕೆನ್ನೆ ಬಿಸಿಯಾಗಿತ್ತು.

ಅವನೂ ಆಲೂಗಡ್ಡೆ ಬೆಳೆಯುವ ಊರಿನ ಹುಡುಗನೇ. ಅಪ್ಪನ ಕೋಲಿಗೆ ಹೆದರಿ ಕತ್ತಲಲ್ಲೇ ಏಳುತ್ತಾ, ಒಬ್ಬನೇ ಇಬ್ಬರ ದುಡಿಮೆ ಮಾಡುತ್ತಾ ಓದಿ ಮೇಲೆ ಬಂದವನು. ಅವಳ ಭಾಷೆಯಲ್ಲೇ ಮಾತಾಡುವನು. ಸ್ನಾಯುವಿನ ಒಳಗಿನ ಸಂಸಾರವನ್ನು ಅಡುಗೆಮನೆಯ ಹಾಗೆ ಬಿಡಿಸಿ ಹೇಳುವನು.

"ನೋಡಿ, ಒಲೆ ಪಕ್ಕ ಹಿಡಿ ಹಿಟ್ಟು ಇಟ್ಟಿರ್ತೀವಲ್ಲ, ಹಾಗೆ ಸ್ನಾಯು ಕೈಗೆ ಸಿಗೋ ಹಾಗೆ ಚೂರು ಇಟ್ಕೊಂಡಿರುತ್ತೆ. ಅದು ಮುಗಿದ್ರೆ ಒಳಗಿನ ಕಣಜ ತೆಗೆಯುತ್ತೆ. ಅಷ್ಟರಲ್ಲಿ ರಕ್ತ ಹೊರಗಿಂದ ಕಾಳು ಹೊತ್ಕೊಂಡು ಬರುತ್ತೆ. ಕಣಜದ ಕಾಳು ಉರಿದ್ರೆ ಹುಳಿ ಏಳುತ್ತೆ. ಒಲೆಯಿಂದ ಹೊಗೆ ಎದ್ದ ಹಾಗೆ. ಹೊಗೆ ನೋಡಿ ನಾವು ಹೇಳ್ತೀವಿ, ಇವರು ನಿಜವಾಗ್ಲೂ ದುಡಿದ್ರು ಅಂತ."

ಅವಳು ಬೆರಗಿನಿಂದ ಕೇಳುವಳು. ಕೊನೆಗೊಂದು ದಿನ ಧೈರ್ಯ ತಂದುಕೊಂಡಳು.

"ಅವತ್ತು ನೋವಾಗಿತ್ತು, ಇಂಜಿನಿಯರ್ರೇ. ಇಲ್ಲ ಅಂತ ಸುಳ್ಳು ಹೇಳ್ದೆ. ಕಾಲು ಕಲ್ಲಾಗುತ್ತೆ. ಸ್ವಲ್ಪ ಕೂತ್ರೆ ಬಿಟ್ಕೊಳುತ್ತೆ. ಆಮೇಲೆ ಎಷ್ಟು ಬೇಕಾದ್ರೂ ನಡೀತೀನಿ..."

ಅವನು ಸಮಾಧಾನದ ದನಿಯಲ್ಲಿ ಹೇಳಿದ. "ಆಮೇಲೆ ನಡೆಯೋಕಾಗುತ್ತಲ್ಲ? ಹಾಗಾದ್ರೆ ಕಾಲು ಚೆನ್ನಾಗೇ ಇದೆ. ಅಭ್ಯಾಸ ತಪ್ಪಿದೆ, ಅಷ್ಟೆ. ಅವತ್ತಿನ ಅಳತೆ ಅರ್ಧಕ್ಕೇ ನಿಂತಿತ್ತು, ಇನ್ನೊಂದ್ಸಲ ಬನ್ನಿ. ಈ ಸಲ ಗಟ್ಟಿ ಮನಸ್ಸು ಮಾಡಿ."

ಪ್ರೀತಿಯಿಂದಲೇ ಹೇಳಿದ್ದ. ಆದರೂ ಅವಳ ಎದೆಯಲ್ಲಿ ಏನೋ ಚಳುಕೆಂದಿತು. ಈ ಮಾತು ಎಲ್ಲಿ ಕೇಳಿದ್ದೆ...?

ನೆನಪನ್ನು ಅವಳೇ ಅದುಮಿದಳು. ಇವನು ಅವರ ಹಾಗಲ್ಲ!

* * *

ಎರಡನೆಯ ಸಲ ಅವಳು ಒತ್ತಿದ ಹಾಗೆ ಆ ಹಲಗೆಯನ್ನು ಯಾರೂ ಒತ್ತಿರಲಾರರು. ಕಣ್ಣಿಗೆ ಕತ್ತಲೆ ಕವಿಯುವವರೆಗೆ, ಬಾಯಲ್ಲಿ ರಕ್ತದ ರುಚಿ ಬರುವವರೆಗೆ ಒತ್ತಿದಳು. ರಕ್ತ ತಡೆಯಲು ತೊಡೆಗೆ ಕಟ್ಟಿದ್ದ ಗಾಳಿಪಟ್ಟಿಯನ್ನು ಉಬ್ಬಿಸಿ ಬಿಟ್ಟಾಗ ರಕ್ತ ನುಗ್ಗಿದ್ದು ಅವಳಿಗೇ ತಿಳಿಯಿತು.

ಹೊರಗೆ ಬಂದಾಗ ಎಫ್ರಾಯಿನ್ ಪರದೆ ನೋಡುತ್ತಾ ಕೂತಿದ್ದ. ಮುಖ ಬಿಗಿದಿತ್ತು.

ಹೊಗೆ ಇಲ್ಲ. ಹುಳಿಯ ಗೆರೆ ನೆಟ್ಟಗೆ ಮಲಗಿತ್ತು. ಬೆಟ್ಟದವರ ಸ್ನಾಯುವಿನಲ್ಲಿ ಹುಳಿ ಕಡಿಮೆಯೇ. ಆದರೆ ಒಂದಿಷ್ಟೂ ಏಳದಿದ್ದರೆ ಆ ವ್ಯಕ್ತಿ ದುಡಿದೇ ಇಲ್ಲ ಎಂದರ್ಥ, ಅಂಥ ಅಳತೆಯನ್ನು ತೆಗೆದುಹಾಕಬೇಕು. ಅದು ಪ್ರಯೋಗಶಾಲೆಯವರು ತಾವೇ ಮಾಡಿಕೊಂಡಿದ್ದ ನಿಯಮ. ಬೆಳಿಗ್ಗೆ ತಾನೇ ಅಲ್ಲಿನ ಹಿರಿಯರೊಬ್ಬರು, "ನಿನ್ನ ಗಂಜಿ ಹುಡುಗಿ ಊಟಕ್ಕೆ ಬರ್ತಾಳೋ, ಪರೀಕ್ಷೆಗೋ?" ಎಂದು ಎಲ್ಲರೆದುರು ನಗಾಡಿದ್ದರು. ಆ ನಗು ಅವನ ಬೆನ್ನಿನ ಮೇಲೆ ಇನ್ನೂ ಉರಿಯುತ್ತಿತ್ತು.

"ಏನು ಕಾಣ್ತು?" ಅವಳು ಗೋಡೆ ಹಿಡಿದು ನಿಂತು ಕೇಳಿದಳು.

"ಈ ಅಳತೆ ಉಪಯೋಗಕ್ಕೆ ಬರಲ್ಲ."

"ಅಂದ್ರೆ?"

"ಅಂದ್ರೆ... ನೀವು ಪೂರ್ತಿ ಒತ್ತಿಲ್ಲ, ಲುಸ್ಮಿಲ."

"ಒತ್ತಿದೆ! ದೇವರಾಣೆ ಒತ್ತಿದೆ! ಪ್ರಾಣ ಹೋಗೋ ಹಾಗೆ..."

"ಮಿಷಿನ್ ಸುಳ್ಳು ಹೇಳುತ್ತಾ? ನಾನು ಎಲ್ಲರೆದುರು ನಿಮ್ಮ ಪರ ಮಾತಾಡಿದ್ದೆ. ನೀವು ಸ್ವಲ್ಪ ಮನಸ್ಸು ಮಾಡಿದ್ರೆ..."

ಮನಸ್ಸು ಮಾಡಿದ್ರೆ.

ಅವಳು ಮೇಜಿನ ಮೇಲಿದ್ದ ಬೆಳ್ಳಿ ಸೂಜಿ ತೆಗೆದುಕೊಂಡು, ಶಾಲು ಹೊದ್ದು, ಕುಂಟುತ್ತಾ ಹೊರಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಫ್ರಾಯಿನ್ ಬಾಗಿಲವರೆಗೆ ಎದ್ದುಬಂದು ನಿಂತ.

ಅತ್ತೆ ಕಣ್ಣಿಂದ ನೋಡಿ ಹೇಳಿದಳು. ಇವನು ಅಯಸ್ಕಾಂತದಿಂದ ನೋಡಿ ಹೇಳಿದ. ಇಬ್ಬರಿಗೂ ಕಂಡದ್ದು ಒಂದೇ. ಹಾಗಾದರೆ ಅದು ನಿಜವೇ ಇರಬೇಕು... ನಾನು ಸೋಮಾರಿಯೇ ಇರಬೇಕು!

* * *

ಲುಸ್ಮಿಲ ಊರಿಗೆ ಮರಳಿದಳು. ಆಗಸ್ಟ್ ತಿಂಗಳು. ಯಾನಾಕೊಚದಲ್ಲಿ ಕಾಲುವೆ ತೋಡುವ ಕಾಲ. ಮಳೆಗಾಲಕ್ಕೆ ಮೊದಲು ಮನೆಗೊಬ್ಬರು ಬಂದು ತಮ್ಮ ಪಾಲಿನ ಕಾಲುವೆಯ ಹೂಳು ಎತ್ತಬೇಕು. ತುತ್ತೂರಿ ಊದುತ್ತಾರೆ, ಮೆಕ್ಕೆಜೋಳದ ಕಳ್ಳು ಹಂಚುತ್ತಾರೆ, ಕೋಕಾ ಎಲೆಯನ್ನು ಭೂಮಿಗೆ ಅರ್ಪಿಸಿ ಕೆಲಸಕ್ಕಿಳಿಯುತ್ತಾರೆ.

"ನಿನಗೆ ಬೇಡ ಕಣೇ, ನಾನೇ ಹೋಗ್ತೀನಿ," ಎಂದಳು ಅವ್ವ, ನೋಯುವ ಮಂಡಿ ತಿಕ್ಕುತ್ತಾ.

"ಈ ಸಲ ನಾನು. ಎಲ್ಲರೂ ನೋಡ್ಲಿ."

ಅವಳು ಮನಸ್ಸಿನಲ್ಲೇ ಒಂದು ಹರಕೆ ಹೊತ್ತಿದ್ದಳು. ಇವತ್ತು ಕೂರುವುದಿಲ್ಲ. ಕಾಲು ಕಲ್ಲಾಗಲಿ, ಮುರಿಯಲಿ, ಕೂರುವುದಿಲ್ಲ.

ಹಾರೆ ಎತ್ತಿ ಸ್ವಲ್ಪ ಹೊತ್ತಿಗೇ ತೋಳು ಸೆಟೆಯಿತು. ತೊಡೆ ಸೆಟೆಯಿತು. ಎಂದಿನಂತೆ ಒಂದಿಷ್ಟು ಕೂತಿದ್ದರೆ ಸಾಕಿತ್ತು, ರಕ್ತ ಓಡಿಬಂದು ಕಾಪಾಡುತ್ತಿತ್ತು. ಅವಳು ಕೂರಲಿಲ್ಲ. ಕೈ ನಿಧಾನವಾಯಿತು, ನಿಲ್ಲಲಿಲ್ಲ.

ಹಿಂದೆ ಬೀಳುವವರ ಕಾಲಿಗೆ ತುರಿಕೆ ಸೊಪ್ಪು ಸೋಕಿಸುವುದು ಕಾಲುವೆ ದಿನದ ತಮಾಷೆ. ಎಲ್ಲರೂ ನಗುತ್ತಾರೆ, ಸೊಪ್ಪು ತಿಂದವರೂ ನಗಬೇಕು. ಊರ ಹಿರಿಯನ ಕೈಯಿಂದ ಆ ಸೊಪ್ಪಿನ ಕಟ್ಟನ್ನು ಸಿಪ್ರಿಯಾನನ ತಾಯಿ ಕಿತ್ತುಕೊಂಡಳು.

"ಕೊಡಿ ಇಲ್ಲಿ, ನನ್ನ ಹಳೇ ಸೊಸೆ! ಇವಳ ಕಾಲಿನ ಪರಿಚಯ ನನಗಿದೆ!"

ಸೊಪ್ಪು ಮೀನಖಂಡದ ಮೇಲೆ ಎರಗಿತು. ಸುತ್ತ ನಗೆ ಎದ್ದಿತು.

"ಪಟ್ಟಣದ ಗಂಜಿ ಕುಡಿದು ಸೊಂಟ ಬಗ್ಗಲ್ವಾ ಹುಡುಗಿ?"

"ಎರಡೇಟು ಜಾಸ್ತಿ ಹಾಕಮ್ಮಾ, ಎಚ್ಚರ ಆಗ್ಲಿ!"

ಲುಸ್ಮಿಲ ನಕ್ಕಳು. ನಗಲೇಬೇಕಿತ್ತು. ಹಾರೆ ಎತ್ತಿದಳು. ಎತ್ತುತ್ತಲೇ ಇದ್ದಳು. ತನ್ನ ಪಾಲಿನ ಕಾಲುವೆ ಮುಗಿಯುವವರೆಗೆ, ಹೊತ್ತು ಇಳಿಯುವವರೆಗೆ.

"ಅಬ್ಬಾ, ಮುಗಿಸಿದಳಲ್ಲ!" ಎಂದರು ಯಾರೋ.

ಅತ್ತೆಯಾಗಿದ್ದವಳು ಕೈ ಒರೆಸಿಕೊಂಡಳು. "ನೋಡಿದ್ರಾ? ಸೊಪ್ಪು ಬಿದ್ರೆ ಆಗುತ್ತೆ. ನಾನು ಅವತ್ತೇ ಹೇಳಿದ್ದೆ."

ಗೆದ್ದರೂ ಸೋಲು! ದುಡಿಯದಿದ್ದರೆ ಸೋಮಾರಿ. ದುಡಿದರೆ, ಇಷ್ಟು ದಿನ ಬೇಕೆಂದೇ ದುಡಿಯದ ಸೋಮಾರಿ.

ಅವಳು ಕಲ್ಲುಗೋಡೆಯ ಮರೆಗೆ ಹೋದಳು. ಕೆಳಗೆ ನೆಲದ ಮೇಲೆ ಹರಿದದ್ದು ಕಾಫಿಯ ಬಣ್ಣಕ್ಕಿತ್ತು. ಅವಳು ಅದನ್ನೇ ನೋಡುತ್ತಾ ನಿಂತಳು. ಅಣ್ಣನ ನೆನಪಾಯಿತು. ಮಣ್ಣು ಎಳೆದು ಮುಚ್ಚಿದಳು. ಯಾರಿಗೂ ಹೇಳಲಿಲ್ಲ.

* * *

ಅತ್ತ ಕುಸ್ಕೊದಲ್ಲಿ ಎಫ್ರಾಯಿನ್‌ಗೆ ಗಂಜಿ ಇಳಿಯುತ್ತಿರಲಿಲ್ಲ.

"ಅವಳು ಊರಿಗೆ ಹೋದ್ಲು," ಎಂದಿದ್ದಳು ಚಿಕ್ಕಮ್ಮ. ಅವತ್ತು ಹಾಸ್ಯ ಮಾಡಲಿಲ್ಲ. ಲೋಟವನ್ನು ಅವನ ಮುಂದೆ ಕುಕ್ಕಿದಳು. "ನಿಮ್ಮ ಮಿಷಿನ್ನಲ್ಲಿ ಏನು ಕಂಡ್ರೋ ಕಾಣೆ. ಆ ಹುಡುಗಿ ಅಳೋದನ್ನೂ ಬಿಟ್ಟು ಹೋದ್ಲು."

ಅವನು ಲೋಟ ಹಾಗೇ ಬಿಟ್ಟು ಎದ್ದ. ತೆಗೆದುಹಾಕಬೇಕಿದ್ದ ಅವಳ ಅಳತೆಯನ್ನು ಮತ್ತೆ ಪರದೆಗೆ ತಂದ. ಈ ಸಲ ಹುಳಿಯ ಗೆರೆಯನ್ನು ಬಿಟ್ಟು ಉಳಿದದ್ದನ್ನು ನೋಡಿದ.

ಒಲೆ ಪಕ್ಕದ ಹಿಡಿ ಹಿಟ್ಟು... ತಳದವರೆಗೆ ಖಾಲಿ! ಹಾಗೆ ಯಾರ ಕಾಲೂ ಬರಿದಾಗಿರಲಿಲ್ಲ. ದುಡಿಯದವಳ ಹಿಟ್ಟು ಹೀಗೆ ಮುಗಿಯುತ್ತದೆಯೆ?

ಇನ್ನು ರಕ್ತ! ಪಟ್ಟಿ ಬಿಟ್ಟ ಕೂಡಲೇ ಪ್ರವಾಹದಂತೆ ನುಗ್ಗಿತ್ತು. ಹಸಿದು ಚೀರುವ ಮಗುವಿನ ಕಡೆಗೆ ತಾಯಿ ಓಡಿದ ಹಾಗೆ.

ಕಣಜ ತುಂಬಾ ಕಾಳಿದೆ. ಕದಕ್ಕೆ ಬೀಗ ಬಿದ್ದಿದೆ. ಹುಟ್ಟುವಾಗಲೇ ಬಿದ್ದ ಬೀಗ! ಅದಕ್ಕೇ ಹೊಗೆಯಿಲ್ಲ. ಅದಕ್ಕೇ ಮೊದಲು ಕಲ್ಲಾಗುತ್ತಾಳೆ, ರಕ್ತ ಹೊರಗಿಂದ ಕಾಳು ತಂದ ಮೇಲೆ ನಡೆಯುತ್ತಾಳೆ. ಅವಳು ಇದನ್ನೇ, ಇಷ್ಟನ್ನೇ, ತನ್ನ ಬಾಯಿಂದ ಹೇಳಿದ್ದಳಲ್ಲ!

ಬೆಂಕಿಯಿಲ್ಲದೆ ಹೊಗೆಯಾಡದು ಎನ್ನುತ್ತಾರೆ, ಸರಿ. ಹೊಗೆ ಕಾಣದ ಕಡೆ ಬೆಂಕಿಯೇ ಇಲ್ಲ ಎಂದವರು ಯಾರು? ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಪಕ್ಕದ ಕೋಣೆಯ ಡಾಕ್ಟರಮ್ಮ ಬಂದು ನೋಡಿ ಬೆಚ್ಚಿದರು. "ಇಂಥವರು ಮಿತಿ ಮೀರಿ ದುಡಿದ್ರೆ ಸ್ನಾಯು ಒಡೆದು ರಕ್ತಕ್ಕೆ ಸೇರುತ್ತೆ, ಕಿಡ್ನಿ ಕಟ್ಟಿಹೋಗುತ್ತೆ. ಎಲ್ಲಿದ್ದಾಳೆ ಇವಳು?"

ಕಾಲುವೆ ತೋಡೋಕೆ ಹೋಗಿದ್ದಾಳೆ ಎಂದು ಚಿಕ್ಕಮ್ಮ ಹೇಳಿದಾಗ ಎಫ್ರಾಯಿನ್ ಓಡಿದ.

ಸಿಕ್ಕ ಲಾರಿ ಹತ್ತಿ ಯಾನಾಕೊಚ ಮುಟ್ಟಿದಾಗ ಲುಸ್ಮಿಲ ಒಲೆಯ ಪಕ್ಕ ಕುರಿ ಚರ್ಮದ ಮೇಲೆ ಮಲಗಿದ್ದಳು. ಮುಖ ಊದಿತ್ತು. ಕಾಲುವೆ ತೋಡಿದ ಮಾರನೆಯ ದಿನದಿಂದ ಮೂತ್ರ ಕಟ್ಟಿತ್ತು.

"ಯಾರಪ್ಪಾ ನೀನು?" ಎಂದಳು ಅವ್ವ.

"ಇವಳನ್ನ ಈ ಸ್ಥಿತಿಗೆ ತಂದವನು ತಾಯಿ. ಕೈ ಹಿಡೀರಿ, ಎತ್ತಬೇಕು. ನಡೆಸ್ಬೇಡಿ. ಒಂದು ಹೆಜ್ಜೇನೂ ನಡೆಸ್ಬೇಡಿ!"

ಲುಸ್ಮಿಲ ಕಣ್ಣು ತೆರೆದು ಅವನನ್ನು ಗುರುತಿಸಿದಳು. ಮುಖ ಗೋಡೆಗೆ ತಿರುಗಿಸಿದಳು.

* * *

ಆಸ್ಪತ್ರೆಯಲ್ಲಿ ಅವಳ ರಕ್ತವನ್ನು ಯಂತ್ರ ತೊಳೆಯಿತು. ದಿನ ಬಿಟ್ಟು ದಿನ, ವಾರದ ಮೇಲೆ ವಾರ. ಬದುಕುತ್ತಾಳೆಂದು ಮೊದಮೊದಲು ಯಾರೂ ಹೇಳಲಿಲ್ಲ. ಚಿಕ್ಕಮ್ಮ ಚರ್ಚಿಗೆ ಹೋಗಿ ಮೇಣದ ಬತ್ತಿ ಹಚ್ಚಿ ಬರುವಳು. ಅವ್ವ ಮಾತ್ರ ಮಂಚದ ಕಾಲಬಳಿ ನೆಲದ ಮೇಲೆ ಕೂತು ಮಗಳ ಪಾದ ಹಿಡಿದಿರುವಳು.

ಒಂದು ಮಧ್ಯಾಹ್ನ ಎಫ್ರಾಯಿನ್ ಅವಳಿಗೆ ಕಣಜದ ಕಥೆ ಹೇಳಿದ. ಹುಟ್ಟಿನಿಂದ ಬಂದದ್ದು, ಒಡಹುಟ್ಟಿದವರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಇರಬಹುದು ಎಂದ.

ಅವ್ವ ಮಗಳ ಪಾದ ಬಿಟ್ಟು ತಲೆಯೆತ್ತಿದಳು.

"ನನ್ನ ರೋಮಾನ್‌ಗೂ... ಇದೇನಾ?"

"ಗೊತ್ತಿಲ್ಲ ತಾಯಿ. ಈಗ ನೋಡೋಕಾಗಲ್ಲ."

"ಕೂತ್ಕೊಳೋನು. ಅವ್ವಾ ಕಾಲು ಕಲ್ಲಾಯ್ತು ಅನ್ನೋನು. ನಾನು ಸೊಪ್ಪು ಕಿತ್ತು..."

ಅವಳು ತನ್ನ ಎರಡೂ ಅಂಗೈಗಳನ್ನು ಮುಂದೆ ಹಿಡಿದು ನೋಡಿಕೊಂಡಳು. ಅಳಲಿಲ್ಲ. ಕೆಲವು ದುಃಖಕ್ಕೆ ಕಣ್ಣೀರು ಎಂಬ ದಾರಿಯನ್ನೂ ದೇವರು ಇಟ್ಟಿಲ್ಲ. ಮಂಚದ ಮೇಲಿಂದ ಲುಸ್ಮಿಲಳ ಕೈ ನಿಧಾನವಾಗಿ ಇಳಿದು ಅವ್ವನ ಜಡೆಯ ಮೇಲೆ ಕೂತಿತು.

ಆದರೆ ಎಫ್ರಾಯಿನ್ ಜೊತೆ ಅವಳು ಮಾತಾಡಲಿಲ್ಲ. ಅವನು ದಿನವೂ ಬಂದ. ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತು, ಹೊತ್ತಾದ ಮೇಲೆ ಎದ್ದು ಹೋದ.

ಮೂತ್ರ ಮತ್ತೆ ಇಳಿಯತೊಡಗಿದ ದಿನ ಅವಳೇ ಒಳಗೆ ಕರೆಸಿದಳು.

"ಈಗ ಹೇಳಿ. ನಾನು ಸೋಮಾರಿನಾ?"

"ಅಲ್ಲ! ಅಲ್ಲ ಲುಸ್ಮಿಲ. ಆ ಮಿಷಿನ್ನಿನಲ್ಲಿ ಮಲಗಿದವರಲ್ಲಿ ನಿನ್ನಷ್ಟು ದುಡಿದವರು ಯಾರೂ ಇಲ್ಲ. ನಾನು ಕಣ್ಣಾರೆ..."

"ಅದೇ." ಅವಳ ದನಿ ಕ್ಷೀಣವಾಗಿತ್ತು, ನಡುಗಲಿಲ್ಲ. "ಮಿಷಿನ್ ಹೇಳ್ತು, ನಂಬಿದ್ರಿ. ಅದೇ ಮಾತು ಗಂಜಿ ಅಂಗಡೀಲಿ ನಾನು ಹೇಳಿದ್ದೆ. ನಂಬಲಿಲ್ಲ. ನನಗಿಂತ ನನ್ನ ಕಾಲು ನಿಮಗೆ ಹತ್ತಿರ ಆಯ್ತಲ್ಲ ಇಂಜಿನಿಯರ್ರೇ!"

ಅವನು ತಲೆ ತಗ್ಗಿಸಿದ.

"ಮಿಷಿನ್ ಇಲ್ದಿದ್ರೆ?" ಅವಳು ಬಿಡಲಿಲ್ಲ.

"ಇಲ್ದಿದ್ರೆ... ಇವತ್ತಿಗೂ ನಂಬ್ತಿರ್ಲಿಲ್ಲ. ನಿನ್ನ ಹತ್ರ ಸುಳ್ಳು ಹೇಳಲ್ಲ. ನನ್ನಪ್ಪ ನನ್ನ ತಲೇಲಿ ಕೂತು ನೋಡಿದ. ಆದ್ರೆ... ನೀನು ಹೋದ ದಿನದಿಂದ ನನಗೆ ಗಂಜಿ ಇಳೀಲಿಲ್ಲ, ಲುಸ್ಮಿಲ. ಅದನ್ನ ತಿಳಿಯೋಕೆ ಯಾವ ಮಿಷಿನ್ನೂ ಬೇಕಾಗ್ಲಿಲ್ಲ. ನೀನು ಇಲ್ಲದೆ ನನಗಾಗಲ್ಲ. ನೀನು ಬೇಡ ಅಂದ್ರೂ ಬರ್ತೀನಿ. ಆ ಬೆಂಚಿನವರೆಗಾದ್ರೂ ಬರ್ತೀನಿ."

ಅವಳು ಕಣ್ಣು ಮುಚ್ಚಿಕೊಂಡಳು. ಹೋಗಿ ಎನ್ನಲಿಲ್ಲ. ಕೂತ್ಕೊಳಿ ಎಂದೂ ಅನ್ನಲಿಲ್ಲ. ಮುಚ್ಚಿದ ರೆಪ್ಪೆಯ ಅಂಚಿನಿಂದ ಒಂದು ಹನಿ ಇಳಿದು ಕಿವಿಯ ಕಡೆ ಹೋಯಿತು.

* * *

ಮನೆಗೆ ಬಿಡುವಾಗ ಡಾಕ್ಟರಮ್ಮ ಮುಚ್ಚಿಡಲಿಲ್ಲ. ಕಿಡ್ನಿ ಅರ್ಧದಷ್ಟು ಮಾತ್ರ ಚೇತರಿಸಿಕೊಂಡಿದೆ. ಸ್ನಾಯು ಒಡೆದ ಎಡಗಾಲು ಮೊದಲಿನಂತಾಗುವುದಿಲ್ಲ. ಹೊರೆ, ಹಾರೆ, ಏರು ಹೊಲ... ಈ ಜನ್ಮಕ್ಕೆ ಮುಗಿಯಿತು.

ಯಾನಾಕೊಚಕ್ಕೂ ಸುದ್ದಿ ಹೋಯಿತು. ಸಿಪ್ರಿಯಾನನ ತಾಯಿ, "ಸೋಮಾರಿತನಕ್ಕೆ ಪಟ್ಟಣದಲ್ಲಿ ದೊಡ್ಡ ಹೆಸರಿಟ್ಟಿದ್ದಾರೆ ಅಷ್ಟೆ," ಎಂದಳಂತೆ. ಊರು ನಕ್ಕಿತಂತೆ. ಎಲ್ಲ ಬೀಗಗಳನ್ನೂ ತೆಗೆಯಲು ನಮ್ಮಿಂದಾಗುವುದಿಲ್ಲ. ಕೆಲವನ್ನು ದೇವರಿಗೇ ಬಿಡಬೇಕು.

ಚಿಕ್ಕಮ್ಮನ ಮನೆ ಗುಡ್ಡದ ಕೇರಿಯಲ್ಲಿ. ಉದ್ದನೆಯ ಕಲ್ಲು ಮೆಟ್ಟಿಲು ಹತ್ತಬೇಕು. ಚಿಕ್ಕಮ್ಮನೂ ಅವ್ವನೂ ಗಂಟು ಹೊತ್ತು ಮುಂದೆ ಹೋದರು. ಲುಸ್ಮಿಲ ಹಿಂದೆ, ಒಂದು ಮೆಟ್ಟಿಲು ಕೆಳಗೆ ಎಫ್ರಾಯಿನ್.

ತುಸು ಹತ್ತುವಷ್ಟರಲ್ಲಿ ಅವಳು ನಿಂತಳು.

ಅದೇ ಹೊತ್ತಿಗೆ ಬೆನ್ನ ಮೇಲೆ ಆಲೂಗಡ್ಡೆ ಮೂಟೆ ಹೊತ್ತ ಮುದುಕಿಯೊಬ್ಬಳು ಪಕ್ಕದಿಂದ ಹತ್ತಿಹೋದಳು. "ಏನಮ್ಮಾ, ಈ ವಯಸ್ಸಿಗೇ ಹೀಗೆ ನಿಂತ್ರೆ! ಹತ್ತು, ಹತ್ತು!" ಎಂದು ನಕ್ಕು ಮುಂದೆ ಸರಿದಳು.

ಲುಸ್ಮಿಲಳ ಮುಖ ಕಪ್ಪಿಟ್ಟಿತು. ಹಳೆಯ ನಾಚಿಕೆ ಕಾಲಿನಿಂದ ಎದೆಗೆ ಏರಿತು. ಇನ್ನೊಂದು ಮೆಟ್ಟಿಲಿಗೆ ಪಾದ ಎತ್ತಿದಳು. ತೊಡೆ ಕಲ್ಲಾಗತೊಡಗಿತ್ತು. ಪಾದವನ್ನು ಹಿಂದಕ್ಕಿಟ್ಟಳು. ಹುಟ್ಟಿದಾಗಿನಿಂದ ಯಾರ ಮುಂದೆಯೂ ತಲೆಯೆತ್ತಿ ಆಡದ ಮಾತನ್ನು, ಅವನ ಕಡೆ ತಿರುಗಿ, ತಲೆಯೆತ್ತಿ ಆಡಿದಳು.

"ಎಫ್ರಾಯಿನ್... ನನಗಾಗ್ತಿಲ್ಲ."

ಅವನು ತಟ್ಟನೆ ಮೆಟ್ಟಿಲ ಮೇಲೆ ಕೂತುಬಿಟ್ಟ. ಪಕ್ಕದ ಕಲ್ಲಿನ ಧೂಳನ್ನು ಅಂಗೈಯಿಂದ ಒರೆಸಿದ.

ಅವಳು ಕೂತಳು. ಹತ್ತುವವರು, ಇಳಿಯುವವರು ಇಬ್ಬರನ್ನೂ ಬಳಸಿಕೊಂಡು ಹೋದರು.

"ಜನ ನೋಡ್ತಿದ್ದಾರೆ ಕಣೋ..."

"ನೋಡ್ಲಿ. ನಮಗೇನು ಅವಸರ?"

ಅವಳ ತಲೆ ಮೆಲ್ಲಗೆ ಅವನ ಭುಜಕ್ಕೊರಗಿತು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು.

"ಯಾಕಾಗ್ತಿಲ್ಲ ಅಂತ ನೀನು ಕೇಳಲೇ ಇಲ್ವಲ್ಲ?"

"ಯಾಕೆ ಕೇಳ್ಲಿ? ನೀನು ಹೇಳಿದ್ಯಲ್ಲ!"